ಕಥೆ ನಿಲ್ಲುವ ಗಳಿಗೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ವಿಚಿತ್ರ ಆಟವೊಂದನ್ನು ಹೊರತಂದರು. ಇಲ್ಲಿ ಕಾಯಿ ನಡೆಸುವುದಕ್ಕಿಂತ ಕಥೆ ನಡೆಸುವುದೇ ಮುಖ್ಯ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಸೂತ್ರಧಾರ. ಉಳಿದವರಿಗೆ ಒಂದೊಂದು ಪಾತ್ರ. ಅವರ ಸಾಹಸ ಫಲಿಸಿತೇ ಎಂಬುದನ್ನು ಬಹುಮಟ್ಟಿಗೆ ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ ಸಾಗುವುದುಂಟು.

ಆದುದರಿಂದ ಸೂತ್ರಧಾರನ ನಿಜವಾದ ಪರೀಕ್ಷೆ ಆಯಾ ದಿನದ ಕೊನೆಯ ಕಾಲುಗಂಟೆಯಲ್ಲಿ. ಧಾರಾವಾಹಿಯ ಓದುಗರು ‘ಮುಂದುವರಿಯುವುದು’ ಎಂಬುದನ್ನು ಕಂಡು ಗೊಣಗಿದರೂ ಮುಂದಿನ ಸಂಚಿಕೆಯನ್ನು ಕೊಳ್ಳದಿರಲಾರರು. ಇಲ್ಲಾದರೋ ಕಥಾನಾಯಕರೇ ಎದ್ದು ಮನೆಗೆ ಹೊರಡುತ್ತಾರೆ. ಅವರು ಮರಳದಿದ್ದರೆ ಕಥೆಯೇ ಇಲ್ಲ!

ಕಾಳಗದ ನಡುವೆ ನಿಲ್ಲಿಸುವುದು ಸುಲಭ. ಆದರೆ ವಾರ ಕಳೆಯುವಷ್ಟರಲ್ಲಿ ಯಾರ ಸರದಿ, ಯಾರಿಗೆಷ್ಟು ಗಾಯ ಎಂಬುದೆಲ್ಲ ಮರೆತು ಬಿಸಿ ಆರಿರುತ್ತದೆ. ಕಾಳಗ ಮುಗಿಯಲಿ, ಆಮೇಲೆ ಮುಚ್ಚಿದ ಬಾಗಿಲಾಚೆಯಿಂದ, ಸತ್ತನೆಂದು ನಂಬಿದ್ದ ಗೆಳೆಯನ ದನಿ ಕೇಳಿಸಲಿ. ‘ತೆರೆಯುವಿರಾ?’ ಎಂದು ಕೇಳಿ, ಉತ್ತರಕ್ಕೆ ಮುನ್ನವೇ ಸೂತ್ರಧಾರನು ಪುಸ್ತಕ ಮಡಿಚಬೇಕು. ಆಟಗಾರರು ದಾರಿಯುದ್ದಕ್ಕೂ ವಾದಿಸುತ್ತ ಹೋದರೆ ಅವನು ಗೆದ್ದಂತೆ. ಪ್ರತಿವಾರವೂ ಇದೇ ಉಪಾಯವಾದರೆ ಬೇಸರ ಬಾರದಿರದು; ಒಮ್ಮೊಮ್ಮೆ ವೀರರನ್ನು ಬೆಂಕಿಯ ಬಳಿ ನೆಮ್ಮದಿಯಾಗಿ ಮಲಗಿಸಲೂಬೇಕು. ಇನ್ನು, ಬಾಗಿಲು ತೆರೆದಾಗ ಕೇಳಿದ್ದು ಬರಿಯ ಗಾಳಿಯ ಸದ್ದೆಂದು ಜಾರಿಕೊಂಡನೋ, ಅದರ ಮರುವಾರ ಒಂದೆರಡು ಕುರ್ಚಿಗಳಾದರೂ ಖಾಲಿ.