ಯಾಣದ ಕಪ್ಪು ಬಂಡೆ ಕಲಿಸುವ ಪಾಠ: ಚಾರಣಿಗರಿಗೆ ಎಸ್‌ಎಲ್‌ಆರ್ ಪರಿಚಯ

ಕುಮಟಾ ತಾಲೂಕಿನ ಯಾಣಕ್ಕೆ ಹೋಗಿಬಂದವರ ಚಿತ್ರಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣಸಿಗುತ್ತದೆ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವು ಒಂದು ಚಿತ್ರದಲ್ಲಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ; ಇನ್ನೊಂದರಲ್ಲಿ ಒಂದು ಬಿರುಕೂ ತೋರದಂತೆ ಮಸಿಯ ಮುದ್ದೆಯಾಗಿರುತ್ತದೆ. ಕಣ್ಣಾರೆ ಕಂಡ ಶಿಲೆಯ ಗಾಂಭೀರ್ಯ ಎರಡರಲ್ಲಿಯೂ ಇಲ್ಲ. ದುಬಾರಿ ಕ್ಯಾಮರಾ ಕೊಂಡ ಮೇಲೂ ಹೀಗೇಕೆ? ಕ್ಯಾಮರಾ ಕೆಟ್ಟಿಲ್ಲ, ಅದು ಬೆಳಕನ್ನು ಅಳೆಯುವ ಬಗೆಯನ್ನು ನಾವು ಅರಿತಿಲ್ಲ, ಅಷ್ಟೆ.

ಕನ್ನಡಿಯ ಕೆಲಸ

ಎಸ್‌ಎಲ್‌ಆರ್ ಎಂದರೆ ಸಿಂಗಲ್ ಲೆನ್ಸ್ ರಿಫ್ಲೆಕ್ಸ್. ಲೆನ್ಸಿನ ಮೂಲಕ ಬಂದ ಬೆಳಕನ್ನು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಫಿಲಂ ಅಥವಾ ಸೆನ್ಸರ್ ಮೇಲೆ ಬೀಳುತ್ತದೆ. ಪ್ರಮುಖ ಕಂಪನಿಗಳು ಈಗ ಕನ್ನಡಿರಹಿತ ಕ್ಯಾಮರಾಗಳತ್ತ ಸರಿದಿರುವುದರಿಂದ ಬಳಸಿದ ಎಸ್‌ಎಲ್‌ಆರ್‌ಗಳು ಅಗ್ಗವಾಗಿ ದೊರೆಯುತ್ತವೆ. ಕಲಿಯುವವರಿಗೆ ಇದು ಅನುಕೂಲವೇ.

ಬೆಳಕನ್ನು ನಿಯಂತ್ರಿಸುವ ಸಾಧನಗಳು ಮೂರು. ಅಪರ್ಚರ್ ಬೆಳಕಿನ ಕಿಂಡಿಯ ಅಗಲವನ್ನೂ, ಶಟರ್ ವೇಗವು ಬೆಳಕು ಬೀಳುವ ಅವಧಿಯನ್ನೂ, ಐಎಸ್‌ಒ ಸೂಕ್ಷ್ಮತೆಯನ್ನೂ ನಿರ್ಧರಿಸುತ್ತವೆ.

ಎಲ್ಲವೂ ಬೂದು!

ಕ್ಯಾಮರಾದೊಳಗಿನ ಮೀಟರ್‌ಗೆ ಬಂಡೆ ಯಾವುದು, ಮಂಜು ಯಾವುದು ತಿಳಿಯದು. ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಎಂದೇ ಅದು ಭಾವಿಸುತ್ತದೆ. ಚೌಕಟ್ಟಿನ ತುಂಬ ಯಾಣದ ಕಪ್ಪು ಸುಣ್ಣಕಲ್ಲು ಇದ್ದರೆ ಬೆಳಕು ಸಾಲದೆಂದು ಹೆಚ್ಚು ಬೆಳಕು ಬಿಡುತ್ತದೆ, ಬಂಡೆ ಬೂದಿಯಾಗುತ್ತದೆ. ಶಿಖರದ ಹಿಂದೆ ಬಿಳಿಯ ಆಕಾಶವೇ ಹೆಚ್ಚಿದ್ದರೆ ಬೆಳಕನ್ನು ತಡೆಯುತ್ತದೆ, ಬಂಡೆ ಮಸಿಯಾಗುತ್ತದೆ.

ಪರಿಹಾರವು ಪ್ಲಸ್-ಮೈನಸ್ ಗುರುತಿನ ಗುಂಡಿಯಲ್ಲಿದೆ. ಕಪ್ಪು ಬಂಡೆಯೇ ತುಂಬಿದ್ದರೆ ಮೈನಸ್ 1; ಆಕಾಶ ಹೆಚ್ಚಿದ್ದು ಬಂಡೆಯ ವಿವರ ಬೇಕಿದ್ದರೆ ಪ್ಲಸ್ 1. ಭಟ್ಕಳದಿಂದ ಕೋಗಾರ ಘಾಟಿ ಏರುವಾಗ ಕವಿಯುವ ಮಂಜಿಗೂ ಪ್ಲಸ್ 1 ಕೊಟ್ಟರೆ ಮಾತ್ರ ಅದು ಬಿಳಿಯಾಗಿ ಉಳಿಯುತ್ತದೆ. ತೆಗೆದ ಚಿತ್ರವನ್ನು ಪರದೆಯಲ್ಲಿ ನೋಡಿ ಅರ್ಧ ಹಂತ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ನೀರು, ನೆರಳು, ಕೈನಡುಕ

ಹೊನ್ನಾವರದ ಸಮೀಪದ ಅಪ್ಸರಕೊಂಡದ ಜಲಪಾತ ಶಟರ್ ವೇಗದ ಪಾಠಶಾಲೆ. ಸೆಕೆಂಡಿನ 500ನೇ ಒಂದು ಭಾಗದಲ್ಲಿ ನೀರಿನ ಹನಿಗಳು ನಿಂತಂತೆ ಕಾಣುತ್ತವೆ. ಕಾಲು ಸೆಕೆಂಡಿನಲ್ಲಿ ಅದೇ ನೀರು ಹಾಲಿನ ಧಾರೆಯಾಗುತ್ತದೆ. ಎರಡನೆಯದಕ್ಕೆ ಟ್ರೈಪಾಡ್ ಬೇಕು. ಕೈಯಲ್ಲೇ ಹಿಡಿದು ತೆಗೆಯುವಾಗ 55 ಎಂಎಂ ಲೆನ್ಸಿಗೆ ಸೆಕೆಂಡಿನ 80ನೇ ಭಾಗಕ್ಕಿಂತ ನಿಧಾನ ಬೇಡ. ಕಾಡಿನ ನೆರಳಿನಲ್ಲಿ ಇದು ಸಾಧ್ಯವಾಗದಿದ್ದರೆ ಐಎಸ್‌ಒ 800ಕ್ಕೆ ಏರಿಸಿ. ತುಸು ಕಣಕಣವಾದ ಚಿತ್ರವು ಅಲುಗಿದ ಚಿತ್ರಕ್ಕಿಂತ ಮೇಲು.

ವಿಶಾಲ ನೋಟಕ್ಕೆ 18 ಎಂಎಂ, ಎಫ್ 8 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಸಾಮಾನ್ಯ ಡಿಜಿಟಲ್ ಎಸ್‌ಎಲ್‌ಆರ್‌ನಲ್ಲಿ ಕಾಲಬುಡದ ಜರೀಗಿಡದಿಂದ ದೂರದ ಬೆಟ್ಟದವರೆಗೆ ಬಹುತೇಕ ಎಲ್ಲವೂ ಸ್ಪಷ್ಟ.

ಕರಾವಳಿಯ ಶತ್ರುಗಳು

ತೇವಾಂಶದಿಂದ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ. ಅದು ಗಾಜಿನ ಲೇಪನವನ್ನೇ ತಿನ್ನಬಲ್ಲದು. ಮನೆಗೆ ಮರಳಿದ ಕೂಡಲೇ ಕ್ಯಾಮರಾವನ್ನು ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಎ.ಸಿ. ಕೋಣೆಯಿಂದ ಹೊರಬಂದಾಗ ಅರ್ಧ ಗಂಟೆಯಾದರೂ ಚೀಲ ತೆರೆಯದಿದ್ದರೆ ಲೆನ್ಸಿನ ಮೇಲೆ ಹನಿ ಕಟ್ಟದು. ಸಮುದ್ರದ ಉಪ್ಪುಗಾಳಿಯಲ್ಲಿ ಲೆನ್ಸ್ ಬದಲಿಸುವುದು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದುದು ಜೀವ. ಕಣ್ಣು ಕ್ಯಾಮರಾದಲ್ಲಿದ್ದಾಗ ಕಾಲು ಕದಲಕೂಡದು. ಚೌಕಟ್ಟಿಗೆ ಶಿಖರ ಹಿಡಿಸಲಿಲ್ಲವೆಂದು ಹಿಂದಡಿ ಇಡುವವರಿಗೆ ಪಾಚಿಗಟ್ಟಿದ ಬಂಡೆ ಎರಡನೆಯ ಅವಕಾಶ ಕೊಡುವುದಿಲ್ಲ. ಮೊದಲು ಕ್ಯಾಮರಾ ಇಳಿಸಿ, ತಿರುಗಿ ನೋಡಿ, ಬಳಿಕ ಹೆಜ್ಜೆ ಇಡಿ.

ಹೊರಡುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಪ್ಪು ಕಂಬಳಿಯನ್ನೂ ಬಿಳಿ ಪಂಚೆಯನ್ನೂ ಚೌಕಟ್ಟಿನ ತುಂಬ ಬರುವಂತೆ ಆಟೋದಲ್ಲಿ ಬೇರೆ ಬೇರೆಯಾಗಿ ತೆಗೆಯಿರಿ. ಎರಡೂ ಬೂದಾಗಿ ಬರುತ್ತವೆ. ಕಂಬಳಿಯನ್ನು ಕಪ್ಪಾಗಿಯೂ ಪಂಚೆಯನ್ನು ಬಿಳಿಯಾಗಿಯೂ ತೆಗೆಯಲು ಕಲಿತ ದಿನ ಯಾಣಕ್ಕೆ ಹೊರಡಬಹುದು.