ಮುಖದ ರೋಮರಂಧ್ರಗಳಿಗೆ ಎಷ್ಟು ಸೋಪು ಬೇಕು?

ಮನೆಯಲ್ಲಿ ಮದುವೆ ನಿಶ್ಚಯವಾದರೆ ಮೂಗು, ಕೆನ್ನೆಯ ಮೇಲಿನ ಸಣ್ಣ ತೂತುಗಳೆಲ್ಲ ಒಮ್ಮೆಲೇ ದೊಡ್ಡದಾಗಿ ಕಾಣತೊಡಗುತ್ತವೆ. ತೆರೆಯಲು ಹಬೆ, ಮುಚ್ಚಲು ಐಸ್, ಕೊನೆಗೆ ನಿಂಬೆರಸ. ಆದರೆ ರೋಮರಂಧ್ರವನ್ನು ತೆರೆದು ಮುಚ್ಚುವ ಸ್ನಾಯುವೇ ನಮ್ಮ ಚರ್ಮದಲ್ಲಿಲ್ಲ. ನಿಂಬೆರಸದಿಂದ ಸಿಗುವುದು ಉರಿ ಮಾತ್ರ.

ರೋಮರಂಧ್ರವೆಂದರೆ ಕೂದಲು ಹುಟ್ಟುವ ಗುಳಿಯ ಬಾಯಿ. ಪಕ್ಕದ ಗ್ರಂಥಿಯ ಜಿಡ್ಡು ಇದೇ ದಾರಿಯಲ್ಲಿ ಹೊರಬಂದು ಚರ್ಮ ಒಣಗದಂತೆ ಕಾಯುತ್ತದೆ. ಜಿಡ್ಡು ಹೆಚ್ಚಿದ್ದರೆ, ವಯಸ್ಸು ಮತ್ತು ಬಿಸಿಲಿನಿಂದ ಚರ್ಮ ಸಡಿಲವಾದರೆ ರಂಧ್ರ ಅಗಲವಾಗಿ ಕಾಣುತ್ತದೆ. ವಂಶದಿಂದಲೂ ಬರುತ್ತದೆ. ಜಿಡ್ಡು, ಸತ್ತ ಚರ್ಮಕೋಶ ಸೇರಿ ಕಟ್ಟಿಕೊಂಡರೆ ಕಪ್ಪು ಚುಕ್ಕೆ. ಆ ಕಪ್ಪು ಕೊಳೆಯಲ್ಲ, ಆದ್ದರಿಂದ ಉಜ್ಜಿದರೆ ಹೋಗದು. ಹಿಸುಕಿದರೆ ಕಲೆ ಉಳಿದೀತು.

"ದಿನಕ್ಕೆ ಐದು ಸಲ ವುಝೂ ಮಾಡುವ ಮುಖದಲ್ಲಿ ಮೊಡವೆ ಯಾಕೆ?" ಎಂದು ಕೆಲವು ತಾಯಂದಿರು ಮಗಳನ್ನು ಗದರಿಸುತ್ತಾರೆ. ಪಾಪ, ಆಕೆ ಪ್ರತಿ ವುಝೂವಿಗೂ ಸೋಪು ಹಚ್ಚತೊಡಗುತ್ತಾಳೆ. ಮುಖ ಒಣಗಿ ಬಿರಿಯುತ್ತದೆ. ಹದಿಹರೆಯದ ಮೊಡವೆಗೆ ಮುಖ್ಯ ಕಾರಣ ಹಾರ್ಮೋನು, ಕೊಳಕಲ್ಲ. ವುಝೂವಿಗೆ ಬರೀ ನೀರು ಸಾಕು. ಸೌಮ್ಯವಾದ ಫೇಸ್‌ವಾಶ್ ಬೆಳಿಗ್ಗೆ, ರಾತ್ರಿ ಎರಡೇ ಸಲ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯದಿರಲಿ. ಸ್ಕಾರ್ಫಿನ ಒಳಗೆ ಹಾಕುವ ಟೋಪಿ ಹತ್ತಿಯದಾಗಿರಲಿ, ದಿನವೂ ಒಗೆಯಿರಿ. ರಂಧ್ರ ಕಟ್ಟಿಕೊಳ್ಳುವವರಿಗೆ ಸ್ಯಾಲಿಸಿಲಿಕ್ ಆಮ್ಲವಿರುವ ಫೇಸ್‌ವಾಶ್ ಉಪಕಾರಿ; ಅದು ಜಿಡ್ಡಿನಲ್ಲಿ ಕರಗಿ ಒಳಗಿಳಿಯುತ್ತದೆ. ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು.

ಅಷ್ಟು ಕಾಯಲಾಗದವರೇ ಯಾರೋ ಹೇಳಿದ ಕ್ರೀಮಿಗೆ ಕೈಹಾಕುವುದು. ವಾರದೊಳಗೆ ಮುಖ ನಯವಾಗಿ, ಬೆಳ್ಳಗಾಗಿ ಕಂಡರೆ ಖುಷಿಪಡಬೇಡಿ, ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲೂ ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಕೆಂಪಾಗಿ ಉರಿಯುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. 2018ರಲ್ಲೇ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರಕಾರ ಆದೇಶಿಸಿದೆ. ಆದರೂ ಸಿಗುತ್ತವೆ! ಈಗಾಗಲೇ ಹಚ್ಚುತ್ತಿರುವವರು ಟ್ಯೂಬ್ ಸಮೇತ ಚರ್ಮರೋಗ ತಜ್ಞರನ್ನು ಕಾಣಿ, ಹೇಗೆ ಬಿಡಬೇಕೆಂದು ಅವರೇ ಹೇಳುತ್ತಾರೆ.

ಒಳಗೇನಿದೆ ಎಂದು ಬರೆಯದ ಬಿಳುಪಿನ ಕ್ರೀಮುಗಳದ್ದು ಇನ್ನೂ ದೊಡ್ಡ ಅಪಾಯ. ಅವುಗಳಲ್ಲಿ ಪಾದರಸವಿರಬಹುದು, ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂಥದ್ದನ್ನು ಇಂದೇ ನಿಲ್ಲಿಸಿ. ಹಚ್ಚಿದವರಿಗೆ ಕಾಲು ಊದಿದರೆ, ಮೂತ್ರದಲ್ಲಿ ನೊರೆ ಕಂಡರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ. ಕ್ರೀಮಿನ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ.