ರೇಡಿಯೇಟರ್ ಹೋಸ್: ಒಳಗಿನಿಂದ ಸಾಯುವ ರಬ್ಬರ್

ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂಲಂಟ್ ಹರಿಯುವುದು ರಬ್ಬರ್ ಹೋಸ್‌ಗಳ ಮೂಲಕ. ಎಂಜಿನ್ ತನ್ನ ಮೌಂಟಿಂಗ್ ಮೇಲೆ ಸದಾ ಅಲುಗುತ್ತಿರುತ್ತದೆ, ರೇಡಿಯೇಟರ್ ಬಾಡಿಗೆ ಬಿಗಿದು ಕೂತಿರುತ್ತದೆ. ಇವೆರಡರ ನಡುವೆ ಗಟ್ಟಿ ಲೋಹದ ಪೈಪ್ ಹಾಕಿದರೆ ಬಹುಕಾಲ ಬಾಳದು, ಅದಕ್ಕೇ ರಬ್ಬರ್. ಮೇಲಿನ ಹೋಸ್ ಎಂಜಿನ್ನಿನಿಂದ ಬಿಸಿ ಕೂಲಂಟನ್ನು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ತಣಿದದ್ದನ್ನು ವಾಟರ್ ಪಂಪ್ ಕೆಳಗಿನ ಹೋಸ್ ಮೂಲಕ ಎಳೆದುಕೊಳ್ಳುತ್ತದೆ. ಹೀಟರ್ ಇರುವ ಕಾರಿನಲ್ಲಿ ಇನ್ನೆರಡು ಸಣ್ಣ ಹೋಸ್‌ಗಳು ಡ್ಯಾಶ್‌ಬೋರ್ಡಿನ ಕಡೆಗೆ ಹೋಗುತ್ತವೆ. ಎಲ್ಲರೂ ಮರೆಯುವುದು ಇವನ್ನೇ.

ನಮ್ಮಲ್ಲಿ ಹಳೆಯ ಕಾರೆಂದರೆ ಮೊದಲು ನೆನಪಾಗುವ ಮಾರುತಿ 800ನ್ನೇ ತೆಗೆದುಕೊಳ್ಳಬಹುದು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಬಿ.ಎಸ್. 4 ಮಾಲಿನ್ಯ ನಿಯಮ ಬಂದ 2010ರಲ್ಲೇ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಅದರ ಮಾರಾಟ ಮುಗಿದಿತ್ತು. ಅಂದರೆ ಇಂದು ಓಡುತ್ತಿರುವ 800ಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ದಾಟಿದೆ. ಹೋಸ್‌ಗೆ ಸಾಮಾನ್ಯವಾಗಿ ನಾಲ್ಕೈದು ವರ್ಷದ ಆಯಸ್ಸು ಹೇಳುತ್ತಾರೆ. ಕಂಪನಿಯಿಂದ ಬಂದ ಹೋಸ್ ಇನ್ನೂ ಹಾಗೇ ಇದೆ ಎಂದು ಹೆಮ್ಮೆಪಡುವ ಮಾಲೀಕರು ನಿಜಕ್ಕೂ ಭಯಪಡಬೇಕು.

ಹೋಸ್ ಹೊರುವ ಭಾರ ಸಣ್ಣದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ಕ್ಯಾಪ್ ಚದರ ಸೆಂಟಿಮೀಟರಿಗೆ ಒಂದು ಕಿಲೋದ ಆಸುಪಾಸಿನ ಒತ್ತಡವನ್ನು ಒಳಗೆ ಹಿಡಿದಿಡುವುದರಿಂದ ಬರೀ ನೀರೂ 115 ಡಿಗ್ರಿ ದಾಟುವವರೆಗೆ ಕುದಿಯದು. ಕೂಲಂಟ್ ಬೆರೆತಿದ್ದರೆ ಇನ್ನೂ ಮೇಲೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಈ ಬಿಸಿಯೂ ಒತ್ತಡವೂ ಒಟ್ಟಿಗೇ ಏರುತ್ತವೆ. ಹಳೆಯ ಹೋಸ್ ಮನೆಯ ಶೆಡ್ಡಿನಲ್ಲಿ ಒಡೆಯದೆ ಘಾಟಿಯಲ್ಲೇ ಒಡೆಯುವುದಕ್ಕೆ ಕಾರಣ ಇದೇ.

ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ. ಕೂಲಂಟ್, ಎಂಜಿನ್ನಿನ ಲೋಹ ಮತ್ತು ಇಂಗಾಲದ ಪುಡಿ ಬೆರೆತ ಕಪ್ಪು ರಬ್ಬರ್ ಮೂರೂ ಸೇರಿ ಸಣ್ಣ ಬ್ಯಾಟರಿಯಾಗಿಬಿಡುತ್ತವೆ. ಅದರ ಅತಿ ಕ್ಷೀಣ ವಿದ್ಯುತ್ತು ಒಳಪದರದಲ್ಲಿ ಉದ್ದುದ್ದಕ್ಕೆ ನವಿರಾದ ಬಿರುಕುಗಳನ್ನು ಮೂಡಿಸುತ್ತದೆ. ಬಿರುಕಿನ ಮೂಲಕ ಕೂಲಂಟ್ ಒಳನುಸುಳಿ, ರಬ್ಬರಿನ ನಡುವೆ ಬಲಕ್ಕೆಂದು ಹೆಣೆದ ನೂಲನ್ನು ತಿನ್ನುತ್ತದೆ. ನೂಲು ಸೋತ ಮೇಲೆ ಉಳಿಯುವುದು ಬರೀ ರಬ್ಬರ್. ಹೊರಮೈ ಅಷ್ಟು ಹೊತ್ತೂ ಮಿರಮಿರ ಮಿಂಚುತ್ತಿರಬಹುದು, ವಾಟರ್ ವಾಶ್ ಮಾಡಿ ಪಾಲಿಶ್ ಬಳಿದಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ತಪಾಸಣೆಯಲ್ಲಿ ಕಣ್ಣಿಗಿಂತ ಕೈಗೆ ಹೆಚ್ಚು ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಿರುವಾಗ, ಬೆಳಗಿನ ಹೊತ್ತಾದರೆ ಒಳ್ಳೆಯದು, ಮೊದಲು ಹೋಸ್‌ನ ನಡುಭಾಗವನ್ನು ಹಿಸುಕಿ, ನಂತರ ಕ್ಲಿಪ್ಪಿನ ಪಕ್ಕದಲ್ಲೇ ತುದಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಬೇಕು. ನಡು ಬಿಗಿಯಾಗಿದ್ದು ತುದಿ ಮೆತ್ತಗೆ ಒಳಹೋದರೆ ಬಿರುಕು ಶುರುವಾಗಿದೆ. ಒತ್ತಿದಾಗ ಒಳಗೆ ಚರಚರ ಎಂದರೆ ರಬ್ಬರ್ ಗಡುಸಾಗಿದೆ. ಇಡೀ ಹೋಸ್ ಊದಿಕೊಂಡು ಅಂಟಂಟಾಗಿದ್ದರೆ ಎಲ್ಲಿಂದಲೋ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದೆ. ಆಯಿಲ್ ಸೋರಿಕೆ ನಿಲ್ಲಿಸದೆ ಹೊಸ ಹೋಸ್ ಹಾಕುವುದು ವ್ಯರ್ಥ. ಕ್ಲಿಪ್ಪಿನ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ಕೂಲಂಟ್ ಒಸರಿ ಒಣಗಿದೆ ಎಂದರ್ಥ. ಒಂದು ಲಕ್ಷಣ ಮಾತ್ರ ದಾರಿ ತಪ್ಪಿಸುತ್ತದೆ: ರಾತ್ರಿ ನಿಲ್ಲಿಸಿದ ಕಾರಿನ ಮೇಲಿನ ಹೋಸ್ ಬೆಳಿಗ್ಗೆ ಚಪ್ಪಟೆಯಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಕ್ಯಾಪನ್ನು. ತಣಿಯುವಾಗ ರೇಡಿಯೇಟರಿಗೆ ಜೋಡಿಸಿದ ಕೂಲಂಟ್ ಬಾಟಲಿಯಿಂದ ಕೂಲಂಟ್ ವಾಪಸು ಎಳೆದುಕೊಳ್ಳಲು ಬಿಡಬೇಕಾದ ಅದರ ಪುಟ್ಟ ವಾಲ್ವ್ ಅಂಟಿಕೊಂಡಿರುತ್ತದೆ.

ಬದಲಿಸುವಾಗ ಒಂದನ್ನಲ್ಲ, ಎಲ್ಲವನ್ನೂ ಕ್ಲಿಪ್ ಸಮೇತ ಬದಲಿಸುವುದು ಜಾಣತನ. ಹೋಸ್‌ಗಳಿಗೆ ಅಚ್ಚಿನಲ್ಲೇ ಬಂದ ಬಾಗು ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಸ್ಪೇರ್ಸ್ ಅಂಗಡಿಯಲ್ಲಿ ಕೊಂಡರೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿಯೇ ತರಬೇಕು. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ತಿರುವಿನಲ್ಲಿ ಮಡಚಿ ಹರಿವು ಕಟ್ಟುತ್ತದೆ.

ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯುವುದು ಮುಖ ಸುಟ್ಟುಕೊಳ್ಳುವ ಕೆಲಸ, ಹಾಗಾಗಿ ತಣಿಯುವವರೆಗೆ ಕಾಯಲೇಬೇಕು. ಇಳಿಸಿದ ಕೂಲಂಟನ್ನು ಬೇಸಿನ್ನಿನಲ್ಲಿ ಹಿಡಿಯಬೇಕು. ಅದು ಸಿಹಿ, ಆದರೆ ವಿಷ. ನಾಯಿ ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ಅಂಟಿಕೊಂಡ ಹೋಸನ್ನು ಪ್ಲೈಯರಿನಲ್ಲಿ ಹಿಡಿದು ತಿರುಚಿದರೆ ರೇಡಿಯೇಟರಿನ ಮೂತಿಯೇ ಮುರಿದೀತು. ಎಸೆಯುವ ಹೋಸ್ ತಾನೆ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿದರಾಯಿತು. ಮೂತಿಗೆ ಕಟ್ಟಿದ ಉಪ್ಪನ್ನು ನಯವಾದ ಎಮರಿ ಕಾಗದದಿಂದ ತಿಕ್ಕಿ, ಕ್ಲಿಪ್ಪುಗಳನ್ನು ಮೊದಲೇ ತೂರಿಸಿಕೊಂಡು, ಹೊಸ ಹೋಸ್‌ನ ಒಳತುದಿಗೆ ಕೂಲಂಟ್ ಸವರಿ ತಳ್ಳಬೇಕು. ಜಾರಲಿ ಎಂದು ಗ್ರೀಸ್ ಬಳಿಯುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿದೆ, ಅದು ಈ ರಬ್ಬರನ್ನು ಉಬ್ಬಿಸುತ್ತದೆ. ಮೂತಿಯ ಸುತ್ತ ಇರುವ ಉಬ್ಬುಗೆರೆಯನ್ನು ಹೋಸ್ ದಾಟಬೇಕು, ಕ್ಲಿಪ್ ಅದರ ಹಿಂದೆ ಕೂರಬೇಕು. ಕ್ಲಿಪ್ಪಿನ ಸೀಳುಗಳಿಂದ ರಬ್ಬರ್ ಹೊರಗೆ ಇಣುಕಿದರೆ ಬಿಗಿ ಅತಿಯಾಯಿತು.

ಕೂಲಂಟ್ ಮತ್ತು ಶುದ್ಧ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ನಿಧಾನವಾಗಿ ತುಂಬಬೇಕು. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಹೊಸ ಹೋಸ್‌ನ ಪಕ್ಕದಲ್ಲಿರುವ ರೇಡಿಯೇಟರೇ ಕಟ್ಟಿಕೊಳ್ಳುತ್ತದೆ. ಹೀಟರನ್ನು ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು, ಎಂಜಿನ್ ಶುರುಮಾಡಿ, ಮೇಲಿನ ಹೋಸನ್ನು ಆಗಾಗ ಒತ್ತಿದರೆ ಗುಳ್ಳೆಗಳು ಹೊರಬರುತ್ತವೆ. ಮಟ್ಟ ಇಳಿದಂತೆ ತುಂಬುತ್ತಾ, ಬಿಸಿ ಏರುವ ಮೊದಲೇ ಕ್ಯಾಪ್ ಮುಚ್ಚಬೇಕು. ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ, ರೇಡಿಯೇಟರ್ ಫ್ಯಾನ್ ತಿರುಗಿ ನಿಂತರೆ ಸುತ್ತು ಸರಿಯಾಗಿದೆ. ಮರುದಿನ ತಣ್ಣನೆಯ ಎಂಜಿನ್ನಿನಲ್ಲಿ ಕ್ಲಿಪ್ಪುಗಳನ್ನು ಇನ್ನೊಮ್ಮೆ ನೋಡಬೇಕು, ಒಂದು ವಾರ ಬಾಟಲಿಯ ಮಟ್ಟದ ಮೇಲೆ ಕಣ್ಣಿಡಬೇಕು.

ಇಷ್ಟಾದರೂ ದಾರಿಯಲ್ಲಿ ಹೋಸ್ ಒಡೆದರೆ ಟೆಂಪರೇಚರ್ ಮುಳ್ಳನ್ನು ನಂಬುವಂತಿಲ್ಲ. ಕೂಲಂಟ್ ಖಾಲಿಯಾದಾಗ ಸೆನ್ಸರ್ ಒಣಗಿ ನಿಲ್ಲುವುದರಿಂದ, ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಬಾನೆಟ್ಟಿನಿಂದ ಹಬೆ ಕಂಡ ಕೂಡಲೇ ಆಫ್ ಮಾಡಬೇಕು, ಇಲ್ಲವಾದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ತಣಿದ ಮೇಲೆ ಸೀಳಿದ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ, ನೀರು ತುಂಬಿ, ಒತ್ತಡ ಏರದಂತೆ ಕ್ಯಾಪನ್ನು ಅರೆಬರೆ ತಿರುಗಿಸಿಟ್ಟರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನವಾಗಿ, ನಡುನಡುವೆ ನಿಂತು, ಹೋಗಬಹುದು.